ಓದಿದ್ದು ಪರೀಕ್ಷೆಯಲ್ಲಿ ಕೈಕೊಡದಿರಲು: ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳಿಗೆ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿ ಹಿಂದಿರುಗಿಸುವ ದಿನ ಯಾವ ಶಾಲೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಸರ್, ಇದು ನನಗೆ ಗೊತ್ತಿತ್ತು, ಬರೆಯುವಾಗ ಹೊಳೆಯಲಿಲ್ಲ." ಹಾಗೆ ಹೇಳುವ ವಿದ್ಯಾರ್ಥಿ ನೆಪ ಹುಡುಕುತ್ತಿರುವುದಿಲ್ಲ. ಹಿಂದಿನ ರಾತ್ರಿ ಪುಸ್ತಕ ತೆರೆದಿದ್ದಾಗ ಆ ಪುಟದ ಪ್ರತಿ ಸಾಲೂ ಅವನಿಗೆ ಪರಿಚಿತವಾಗಿಯೇ ಇತ್ತು; ಪುಸ್ತಕ ಮುಚ್ಚಿದ ಮೇಲೆ ಅದನ್ನು ಯಾವ ಆಸರೆಯೂ ಇಲ್ಲದೆ ಮರಳಿ ಹೇಳಬಲ್ಲೆನೇ ಎಂಬುದನ್ನು ಮಾತ್ರ ಅವನು ಪರೀಕ್ಷಿಸಿ ನೋಡಿರಲಿಲ್ಲ. ಕಂಡದ್ದನ್ನು ಗುರುತಿಸುವುದು ಒಂದು ಶಕ್ತಿಯಾದರೆ ಕಾಣದ್ದನ್ನು ನೆನಪಿನಿಂದ ಎತ್ತಿ ತರುವುದು ಇನ್ನೊಂದು ಶಕ್ತಿ, ಮತ್ತು ಪರೀಕ್ಷೆ ಕೇಳುವುದು ಹೆಚ್ಚಾಗಿ ಎರಡನೆಯದನ್ನು. ಒಂದೇ ಯಕ್ಷಗಾನ ಪ್ರಸಂಗವನ್ನು ಹಲವು ಸಲ ನೋಡಿದವನಿಗೆ ಮುಂದಿನ ಪದ ಯಾವುದೆಂದು ಭಾಗವತರು ಬಾಯಿ ತೆರೆಯುವ ಮೊದಲೇ ಹೊಳೆಯಬಹುದು. ಆದರೆ ಅವನನ್ನೇ ವೇಷ ಕಟ್ಟಿ ರಂಗಸ್ಥಳಕ್ಕೆ ಕಳುಹಿಸಿದರೆ ನಾಲ್ಕು ಮಾತು ಅರ್ಥ ಹೇಳುವುದೂ ಕಷ್ಟವಾಗುತ್ತದೆ.

ಅಭ್ಯಾಸದಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳು ಹಲವಾದರೂ ಅವುಗಳಲ್ಲಿ ಹೆಚ್ಚಿನವು ಈ ಒಂದು ಗೊಂದಲದಿಂದ ಹುಟ್ಟುತ್ತವೆ. ಆದ್ದರಿಂದ ಕೆಳಗಿನ ಸಲಹೆಗಳಲ್ಲಿ ಬಹುಪಾಲು, "ಗೊತ್ತಿದೆ" ಎಂಬ ಭಾವನೆಯನ್ನು ನಂಬದೆ ಅದನ್ನು ಪರೀಕ್ಷೆಗೆ ಒಡ್ಡುವ ವಿಧಾನಗಳೇ ಆಗಿವೆ.

ಮತ್ತೆ ಮತ್ತೆ ಓದುವುದನ್ನು ನಿಲ್ಲಿಸಿ, ಮುಚ್ಚಿ ಬರೆಯುವುದು

ಪಾಠವನ್ನು ಮೂರು ಸಲ, ನಾಲ್ಕು ಸಲ ಓದುವುದು ನಮ್ಮಲ್ಲಿ ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ. ಪ್ರತಿ ಸಲವೂ ಓದು ಹೆಚ್ಚು ಸರಾಗವಾಗುವುದರಿಂದ ಕಲಿಕೆಯೂ ಹೆಚ್ಚಾಗಿದೆ ಎಂದು ಮನಸ್ಸು ತೀರ್ಮಾನಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ತೀರ್ಮಾನದ ದೋಷವನ್ನು ಸ್ಪಷ್ಟವಾಗಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದುವುದಕ್ಕೂ, ಒಂದು ಸಲ ಓದಿ ಆಮೇಲೆ ಅದನ್ನು ನೋಡದೆ ನೆನಪಿನಿಂದ ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಅಳೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಅವರು ಶೇ 81ರಷ್ಟು ನೆನಪಿಟ್ಟುಕೊಂಡಿದ್ದರೆ, ನೆನಪಿನಿಂದ ಬರೆದವರು ಶೇ 75ರಷ್ಟನ್ನು ಹೇಳಿದರು. ಒಂದು ವಾರ ಕಳೆದ ಮೇಲೆ ಕೇಳಿದಾಗ ಲೆಕ್ಕ ತಲೆಕೆಳಗಾಗಿ, ಎರಡು ಸಲ ಓದಿದವರಲ್ಲಿ ಶೇ 42 ಮಾತ್ರ ಉಳಿದಿತ್ತು, ನೆನಪಿನಿಂದ ಬರೆದವರಲ್ಲಿ ಶೇ 56 ಉಳಿದಿತ್ತು. ಮರುಓದು ಅಂದಿನ ರಾತ್ರಿ ಕೊಡುವ ತೃಪ್ತಿಯೇ ಅದರ ದೊಡ್ಡ ಅಪಾಯವೆಂಬುದು ಇದರಿಂದ ತಿಳಿಯುತ್ತದೆ.

ಇದನ್ನು ದಿನನಿತ್ಯದ ಓದಿಗೆ ಅಳವಡಿಸುವುದು ಕಷ್ಟವಲ್ಲ. ಒಂದು ಉಪಶೀರ್ಷಿಕೆಯ ಅಡಿಯಲ್ಲಿರುವಷ್ಟು ಭಾಗವನ್ನು ನಿಧಾನವಾಗಿ, ಅರ್ಥ ಮಾಡಿಕೊಂಡು ಒಮ್ಮೆ ಓದಬೇಕು. ನಂತರ ಪುಸ್ತಕವನ್ನು ಮುಚ್ಚಿ, ರಫ್ ಹಾಳೆಯ ಮೇಲೆ ನೆನಪಿಗೆ ಬಂದಷ್ಟನ್ನು ತನ್ನದೇ ಮಾತುಗಳಲ್ಲಿ ಬರೆಯಬೇಕು. ಅಕ್ಷರ ದುಂಡಗಿರಬೇಕಿಲ್ಲ, ವಾಕ್ಯಗಳು ಪೂರ್ಣವಾಗಿರಬೇಕಿಲ್ಲ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಿನಲ್ಲಿ ಸೇರಿಸಬೇಕು. ಆ ಕೆಂಪು ಗುರುತುಗಳೇ ಮರುದಿನದ ಪಾಠ. ಈಗಾಗಲೇ ನೆನಪಿನಲ್ಲಿರುವ ಭಾಗದ ಮೇಲೆ ಇನ್ನೊಮ್ಮೆ ಅಷ್ಟೇ ಸಮಯ ಕಳೆಯುವ ಅಗತ್ಯವಿಲ್ಲ. ಉದಾಹರಣೆಗೆ ಸಮಾಜ ವಿಜ್ಞಾನದಲ್ಲಿ 1857ರ ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ ಕಾರಣಗಳನ್ನು ಓದಿದ ವಿದ್ಯಾರ್ಥಿಯು ಮೊದಲು ರಾಜಕೀಯ, ಆಡಳಿತಾತ್ಮಕ, ಆರ್ಥಿಕ, ಸೈನಿಕ ಎಂಬ ತಲೆಬರಹಗಳು ನೆನಪಾಗುತ್ತವೆಯೇ ಎಂದು ನೋಡಬೇಕು, ಆಮೇಲೆ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ ಇವುಗಳಲ್ಲಿ ಯಾವುದರ ಅಡಿಯಲ್ಲಿ ಬರುತ್ತದೆ, ಏಕೆ ಬರುತ್ತದೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ವಿಜ್ಞಾನದಲ್ಲಿ ಹೃದಯದ ನೀಳಛೇದದ ಚಿತ್ರವನ್ನು ಪುಸ್ತಕ ನೋಡಿಕೊಂಡು ಹತ್ತು ಸಲ ಬಿಡಿಸುವುದಕ್ಕಿಂತ, ನೋಡದೆ ಎರಡು ಸಲ ಬಿಡಿಸಿ ಭಾಗಗಳನ್ನು ಗುರುತಿಸಿ, ತಪ್ಪಿದ್ದನ್ನು ತಿದ್ದುವುದು ಹೆಚ್ಚು ಫಲ ಕೊಡುತ್ತದೆ.

ಬಣ್ಣದ ಹೈಲೈಟರ್‌ಗಳ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಕಲಿಕೆಯ ಹತ್ತು ಸಾಮಾನ್ಯ ವಿಧಾನಗಳ ಬಗ್ಗೆ ಅದುವರೆಗೆ ನಡೆದ ಸಂಶೋಧನೆಗಳನ್ನು ಅಮೆರಿಕದ ಮನೋವಿಜ್ಞಾನಿ ಜಾನ್ ಡನ್ಲಾಸ್ಕಿ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಅಡಿಗೆರೆ ಎಳೆಯುವುದು ಮತ್ತು ಮರುಓದು ಕಡಿಮೆ ಉಪಯೋಗದ ಗುಂಪಿಗೆ ಸೇರಿದವು. ಹೆಚ್ಚಿನ ಉಪಯೋಗದ ಗುಂಪಿಗೆ ಸೇರಿದ್ದು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳ ಅಂತರದಲ್ಲಿ ಹಂಚುವುದು. ಅಡಿಗೆರೆ ಎಳೆಯುವುದರಿಂದ ಕೆಡುಕೇನೂ ಇಲ್ಲ, ಆದರೆ ಪುಟವೆಲ್ಲ ಹಳದಿಯಾದ ಮಾತ್ರಕ್ಕೆ ಓದು ಮುಗಿಯಿತೆಂದು ಎದ್ದು ಹೋಗುವುದು ತಪ್ಪು.

ಬಾಯಿಪಾಠವನ್ನು ಸಾರಾಸಗಟಾಗಿ ಹೀಗಳೆಯುವವರ ಜೊತೆ ನಾನು ಸೇರಲಾರೆ. ಕಂಠಪಾಠದ ಪದ್ಯ, ಮಗ್ಗಿ, ತ್ರಿಕೋನಮಿತಿಯ ನಿಗದಿತ ಬೆಲೆಗಳು, ರಾಸಾಯನಿಕ ಸಂಕೇತಗಳು ನಾಲಿಗೆಯ ತುದಿಯಲ್ಲಿಯೇ ಇರಬೇಕು. ದೋಷವಿರುವುದು ಅರ್ಥವಾಗದ ವಿವರಣೆಯನ್ನು ಗೈಡಿನ ಭಾಷೆಯಲ್ಲಿಯೇ ಉರು ಹೊಡೆಯುವುದರಲ್ಲಿ. ಹಾಗೆ ಕಲಿತ ಉತ್ತರದ ನಡುವೆ ಒಂದು ಪದ ಮರೆತರೆ ಮುಂದಿನ ಇಡೀ ಪ್ಯಾರಾ ಕಳೆದುಹೋಗುತ್ತದೆ, ಮತ್ತು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಗೊತ್ತಿರುವ ಉತ್ತರವೇ ಗುರುತು ಸಿಗದಂತಾಗುತ್ತದೆ.

ಅಂತರ ಕೊಟ್ಟು ಓದುವುದು

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದರ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲಿಯೇ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂಬುದನ್ನು 1885ರಲ್ಲಿಯೇ ಪ್ರಕಟಿಸಿದ್ದ. ಆದರೂ ಜೂನ್‌ನಲ್ಲಿ ಕಲಿತ ಪಾಠವನ್ನು ಜನವರಿಯವರೆಗೆ ಮುಟ್ಟದೆ ಬಿಟ್ಟು, ಕೊನೆಯ ಎರಡು ತಿಂಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ. ಒಂದು ಪಾಠಕ್ಕೆ ಒಟ್ಟು ನಾಲ್ಕು ಗಂಟೆ ಕೊಡಲು ಸಾಧ್ಯವಿದ್ದರೆ, ಅದನ್ನು ಒಂದೇ ಭಾನುವಾರ ಮುಗಿಸುವುದಕ್ಕಿಂತ ಕಲಿತ ದಿನ, ಎರಡು ಮೂರು ದಿನಗಳ ನಂತರ, ಒಂದು ವಾರದ ನಂತರ, ಒಂದು ತಿಂಗಳ ನಂತರ ಎಂದು ಹಂಚುವುದು ಉತ್ತಮ. ಪಾಠ ಕಲಿತ ದಿನಾಂಕವನ್ನು ಪುಸ್ತಕದ ಆ ಪುಟದ ಮೇಲ್ಭಾಗದಲ್ಲಿ ಪೆನ್ಸಿಲಿನಲ್ಲಿ ಬರೆದು, ಪ್ರತಿ ಸಲ ಮುಚ್ಚಿ ಬರೆದಾಗ ಅದರ ಮುಂದೆ ಹೊಸ ದಿನಾಂಕ ಸೇರಿಸುತ್ತ ಹೋದರೆ, ಯಾವ ಪಾಠ ಬಹಳ ದಿನಗಳಿಂದ ಅನಾಥವಾಗಿ ಬಿದ್ದಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ.

ಗೋಡೆಗೆ ಅಂಟಿಸುವ ವೇಳಾಪಟ್ಟಿಗಳು ಸಾಮಾನ್ಯವಾಗಿ ಒಂದು ವಾರದಲ್ಲಿ ಸೋಲುವುದಕ್ಕೆ ಕಾರಣ, ಅವುಗಳಲ್ಲಿ "6ರಿಂದ 8 ಗಣಿತ" ಎಂದು ಗಂಟೆಗಳನ್ನು ಬರೆದಿರುತ್ತಾರೆಯೇ ಹೊರತು ಕೆಲಸವನ್ನು ಬರೆದಿರುವುದಿಲ್ಲ. "ಸಮಾಂತರ ಶ್ರೇಢಿಯ ಎಂಟು ಲೆಕ್ಕ, ಉತ್ತರ ನೋಡದೆ" ಎಂದು ಬರೆದರೆ ಕೆಲಸ ಮುಗಿದಿದೆಯೋ ಇಲ್ಲವೋ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ವಾರದಲ್ಲಿ ಒಂದು ಹೊತ್ತನ್ನು ಏನೂ ಬರೆಯದೆ ಖಾಲಿ ಬಿಡಬೇಕು. ಜ್ವರ, ನೆಂಟರಿಷ್ಟರು, ಊರ ಜಾತ್ರೆ, ವಿದ್ಯುತ್ ಕಡಿತ ಇವೆಲ್ಲವೂ ಬಂದೇ ಬರುತ್ತವೆ. ತಂದೆತಾಯಿಗಳೂ ಮಗ ಎಷ್ಟು ಹೊತ್ತು ಪುಸ್ತಕದ ಮುಂದೆ ಕುಳಿತಿದ್ದ ಎಂದು ಎಣಿಸುವುದನ್ನು ಬಿಟ್ಟು, ಇವತ್ತು ನೋಡದೆ ಏನು ಬರೆದೆ ಎಂದು ಕೇಳಿದರೆ ಮನೆಯಲ್ಲಿ ಜಗಳವೂ ಕಡಿಮೆಯಾಗುತ್ತದೆ.

ಗಣಿತದಲ್ಲಿ ಯಾವ ಸೂತ್ರ ಎಂಬುದೇ ಪ್ರಶ್ನೆ

ಅಭ್ಯಾಸದಲ್ಲಿರುವ ಎಲ್ಲ ಲೆಕ್ಕಗಳನ್ನೂ ಸರಿಯಾಗಿ ಮಾಡಿದವರು ಪರೀಕ್ಷೆಯಲ್ಲಿ ಎಡವುವುದು ಗಣಿತದಲ್ಲಿಯೇ ಹೆಚ್ಚು. ಪಠ್ಯಪುಸ್ತಕದ ಅಭ್ಯಾಸವು ಒಂದು ವಿಧಾನವನ್ನು ವಿವರಿಸಿದ ಕೂಡಲೇ ಅದೇ ವಿಧಾನದ ಲೆಕ್ಕಗಳನ್ನು ಕೊಡುತ್ತದೆ. ಹೀಗಾಗಿ ಯಾವ ವಿಧಾನವನ್ನು ಬಳಸಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ, ಬೆಲೆಗಳನ್ನು ಹಾಕಿದರೆ ಸಾಕು. ಪರೀಕ್ಷೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ಒಂದು ತೋಟದ ಮೊದಲ ಸಾಲಿನಲ್ಲಿ ಐದು, ಎರಡನೆಯ ಸಾಲಿನಲ್ಲಿ ಎಂಟು, ಮೂರನೆಯದರಲ್ಲಿ ಹನ್ನೊಂದು ಗಿಡಗಳಿದ್ದರೆ ಹತ್ತನೆಯ ಸಾಲಿನಲ್ಲಿ ಎಷ್ಟು ಗಿಡಗಳಿವೆ ಎಂಬುದು ಒಂದು ಪ್ರಶ್ನೆ, ಹತ್ತು ಸಾಲುಗಳಲ್ಲಿ ಒಟ್ಟು ಎಷ್ಟು ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ 32, ಎರಡನೆಯದಕ್ಕೆ 185. ಎರಡೂ ಸೂತ್ರಗಳನ್ನು ತಪ್ಪಿಲ್ಲದೆ ಹೇಳಬಲ್ಲ ವಿದ್ಯಾರ್ಥಿಯೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿ ಅಂಕ ಕಳೆದುಕೊಳ್ಳುತ್ತಾನೆ. ಭೌತವಿಜ್ಞಾನದಲ್ಲಿ ದರ್ಪಣದ ಸೂತ್ರದ ಕೂಡುವ ಚಿಹ್ನೆಯನ್ನು ಮಸೂರದ ಲೆಕ್ಕಕ್ಕೆ ಹಾಕುವುದು ಇದೇ ಬಗೆಯ ತಪ್ಪು.

ಪರಿಹಾರವೆಂದರೆ ಲೆಕ್ಕಗಳನ್ನು ಬೆರೆಸುವುದು. ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ಬಗೆಯ ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಬಗೆಬಗೆಯಾಗಿ ವಿಂಗಡಿಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89ರಷ್ಟು ಸರಿ ಉತ್ತರ ಕೊಟ್ಟರು. ಬೆರೆಸಿ ಮಾಡಿದವರು ತಡವರಿಸಿ ಶೇ 60ರಲ್ಲಿ ನಿಂತರು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ವಿಂಗಡಿಸಿ ಮಾಡಿದವರು ಶೇ 20ಕ್ಕೆ ಕುಸಿದರೆ ಬೆರೆಸಿ ಮಾಡಿದವರು ಶೇ 63 ಪಡೆದರು. ಮನೆಯಲ್ಲಿ ಇದನ್ನು ಮಾಡುವುದಕ್ಕೆ ಖರ್ಚಿಲ್ಲ: ಹಳೆಯ ಪ್ರಶ್ನೆಪತ್ರಿಕೆಗಳಿಂದ ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ಹಾಕಿ, ದಿನಕ್ಕೆ ಐದು ಚೀಟಿಗಳನ್ನು ತೆಗೆಯಬೇಕು. ಪೂರ್ತಿ ಬಿಡಿಸಲು ಸಮಯವಿಲ್ಲದ ದಿನ, ಯಾವ ವಿಧಾನ, ಏಕೆ ಆ ವಿಧಾನ ಎಂಬುದನ್ನಷ್ಟೇ ಒಂದು ಸಾಲಿನಲ್ಲಿ ಬರೆದರೂ ಸಾಕು. ಹೊಸ ಅಧ್ಯಾಯವನ್ನು ಮೊದಲ ಸಲ ಕಲಿಯುವಾಗ ಮಾತ್ರ ಪುಸ್ತಕದ ಕ್ರಮದಲ್ಲಿಯೇ ಹೋಗುವುದು ಸರಿ, ಏಕೆಂದರೆ ಗೊತ್ತಿಲ್ಲದ್ದನ್ನು ಬೆರೆಸಿದರೆ ಗೊಂದಲವೇ ಹೆಚ್ಚುತ್ತದೆ.

ಯೂಟ್ಯೂಬಿನಲ್ಲಿ ಒಂದೇ ಕೂರಿಕೆಯಲ್ಲಿ ಇಡೀ ಅಧ್ಯಾಯ ಮುಗಿಸುವ ಒನ್ ಶಾಟ್ ವಿಡಿಯೊಗಳ ಅಪಾಯವೂ ಇದೇ ಬಗೆಯದು. ನುರಿತ ಶಿಕ್ಷಕರು ಲೆಕ್ಕ ಬಿಡಿಸುವುದನ್ನು ನೋಡುವಾಗ ಪ್ರತಿ ಹೆಜ್ಜೆಯೂ ಸಹಜವೆನಿಸುತ್ತದೆ, ಆದರೆ ಮುಂದಿನ ಹೆಜ್ಜೆಯನ್ನು ಆರಿಸಿದವರು ಅವರು. ಪ್ರಶ್ನೆ ತೆರೆಯ ಮೇಲೆ ಬಂದ ಕೂಡಲೇ ವಿಡಿಯೊ ನಿಲ್ಲಿಸಿ, ಹಾಳೆಯ ಮೇಲೆ ತಾನೇ ಪ್ರಯತ್ನಿಸಿ, ಸಿಕ್ಕಿಬಿದ್ದ ಜಾಗದಲ್ಲಿ ಮಾತ್ರ ಮುಂದುವರಿಸಿ ನೋಡುವುದಾದರೆ ಅದೇ ವಿಡಿಯೊ ಒಳ್ಳೆಯ ಗುರುವಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ನೋಟ್ಸ್ ಪಿಡಿಎಫ್‌ಗಳನ್ನು ಕೂಡಿಡುವುದು ಓದಲ್ಲ. ಬೇಕಾದ್ದನ್ನು ಇಳಿಸಿಕೊಂಡು, ಓದುವ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡಬೇಕು.

ತಪ್ಪುಗಳ ಪುಸ್ತಕ

ತಿದ್ದಿದ ಉತ್ತರ ಪತ್ರಿಕೆ ಕೈಗೆ ಬಂದಾಗ ಒಟ್ಟು ಅಂಕ ನೋಡಿ, ಪಕ್ಕದವನದನ್ನು ನೋಡಿ, ಚೀಲಕ್ಕೆ ಸೇರಿಸುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ವರ್ಷವಿಡೀ ಸಿಗುವ ಎಲ್ಲ ಅಧ್ಯಯನ ಸಾಮಗ್ರಿಗಳಲ್ಲಿ ಅತ್ಯಂತ ಬೆಲೆಬಾಳುವುದು ಆ ಪತ್ರಿಕೆಯೇ, ಏಕೆಂದರೆ ಬೇರೆ ಯಾವ ಗೈಡಿನಲ್ಲಿಯೂ ಈ ಒಬ್ಬ ವಿದ್ಯಾರ್ಥಿಯ ದೌರ್ಬಲ್ಯಗಳು ಅಚ್ಚಾಗಿರುವುದಿಲ್ಲ. ಇದಕ್ಕಾಗಿ ಒಂದು ಪ್ರತ್ಯೇಕ ನೋಟ್‌ಬುಕ್ ಇಟ್ಟು, ಅಂಕ ಹೋದ ಪ್ರತಿ ಪ್ರಶ್ನೆಯನ್ನೂ ಅದು ಏಕೆ ಹೋಯಿತು ಎಂಬ ಕಾರಣದೊಂದಿಗೆ ಬರೆಯಬೇಕು: ವಿಷಯವೇ ತಿಳಿದಿರಲಿಲ್ಲವೋ, ತಿಳಿದಿದ್ದರೂ ಇನ್ನೊಂದರೊಂದಿಗೆ ಬೆರೆಯಿತೋ, ಪ್ರಶ್ನೆಯನ್ನು ಅರ್ಧ ಓದಿ ಉತ್ತರಿಸಿದ್ದೋ, ಕೂಡಿಸಿ ಕಳೆಯುವಾಗ ತಪ್ಪಿದ್ದೋ, ಸಮಯ ಸಾಲದೆ ಬಿಟ್ಟದ್ದೋ. "ಅಜಾಗರೂಕತೆ" ಎಂದು ಬರೆದು ಮುಗಿಸಬಾರದು. ಅದು ಕಾರಣವಲ್ಲ, ಕಾರಣ ಹುಡುಕದಿರುವುದಕ್ಕೆ ಕೊಟ್ಟ ಹೆಸರು. ಎರಡು ಮೂರು ಪರೀಕ್ಷೆಗಳಾದ ಮೇಲೆ ಈ ಪುಸ್ತಕವನ್ನು ತಿರುವಿದರೆ ಒಂದು ಮಾದರಿ ಕಾಣಿಸುತ್ತದೆ. ಋಣ ಚಿಹ್ನೆಯನ್ನು ಬಿಡುವವನು ಪದೇ ಪದೇ ಅದನ್ನೇ ಬಿಡುತ್ತಾನೆ. ಕೊನೆಯ ಐದು ಅಂಕಗಳ ಪ್ರಶ್ನೆಗೆ ಸಮಯ ಸಾಲದವನಿಗೆ ಪ್ರತಿ ಸಲವೂ ಸಾಲುವುದಿಲ್ಲ. ಹಾಗೆ ಸಮಯ ಸಾಲದವನು ಇನ್ನಷ್ಟು ಪಾಠ ಓದಿ ಪ್ರಯೋಜನವಿಲ್ಲ, ಅವನಿಗೆ ಬೇಕಾದದ್ದು ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ.

ಅಂಕಗಳ ಹಂಚಿಕೆಯನ್ನು ತಿಳಿಯದೆ ಓದುವುದು

ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಯೊಂದಕ್ಕೇ 125 ಅಂಕಗಳಿವೆ, ಅಂದರೆ ಐದನೆಯ ಒಂದು ಭಾಗ. ಆದರೂ ಟ್ಯೂಷನ್‌ಗೆ ಹೋಗುವುದು ಗಣಿತ, ವಿಜ್ಞಾನಗಳಿಗೆ. ಕನ್ನಡ "ನಮ್ಮ ಭಾಷೆಯೇ ತಾನೇ" ಎಂದು ಪರೀಕ್ಷೆಯ ಹಿಂದಿನ ದಿನದವರೆಗೆ ಉಳಿಯುತ್ತದೆ, ಮತ್ತು ವ್ಯಾಕರಣ, ಛಂದಸ್ಸು, ಕವಿಪರಿಚಯಗಳಲ್ಲಿ ಸುಲಭವಾಗಿ ಸಿಗಬಹುದಾಗಿದ್ದ ಅಂಕಗಳು ಹೋಗುತ್ತವೆ. ದ್ವಿತೀಯ ಪಿಯುಸಿಯ 600 ಅಂಕಗಳಲ್ಲಿ ಎರಡು ಭಾಷೆಗಳ ಪಾಲು 200.

"ಇಂಪಾರ್ಟೆಂಟ್ ಪ್ರಶ್ನೆಗಳು" ಮತ್ತು "ಪಾಸಿಂಗ್ ಪ್ಯಾಕೇಜ್" ಎಂಬ ಹೆಸರಿನಲ್ಲಿ ಹರಿದಾಡುವ ಪಟ್ಟಿಗಳು ತೀರಾ ಹಿಂದುಳಿದವರಿಗೆ ದಡ ಸೇರುವ ದಾರಿಯಾಗಬಹುದು. ಆದರೆ ಚೆನ್ನಾಗಿ ಓದಬಲ್ಲವರು ಅವುಗಳಿಗೆ ಜೋತುಬಿದ್ದರೆ ತಮ್ಮ ಮಿತಿಯನ್ನು ತಾವೇ ಹಾಕಿಕೊಂಡಂತಾಗುತ್ತದೆ. ಅವುಗಳಿಗಿಂತ ವಿಶ್ವಾಸಾರ್ಹವಾದದ್ದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ತನ್ನ ಜಾಲತಾಣದಲ್ಲಿ ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆಗಳು ಮತ್ತು ಮಾದರಿ ಉತ್ತರಗಳು. ಮಾದರಿ ಉತ್ತರದಲ್ಲಿ ಯಾವ ಹಂತಕ್ಕೆ ಅರ್ಧ ಅಂಕ, ಯಾವ ಹಂತಕ್ಕೆ ಒಂದು ಅಂಕ ಎಂಬುದು ಬಿಡಿಬಿಡಿಯಾಗಿರುತ್ತದೆ. ಸೂತ್ರ ಬರೆಯದೆ, ಹಂತಗಳನ್ನು ತೋರಿಸದೆ ನೇರವಾಗಿ ಉತ್ತರಕ್ಕೆ ಹಾರುವ ಜಾಣರು ಅದನ್ನು ಒಮ್ಮೆ ನೋಡುವುದು ಒಳ್ಳೆಯದು.

ಇತ್ತೀಚಿನ ವರ್ಷಗಳ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆಗಳು, 80 ಅಂಕಗಳು. ಒಟ್ಟು ಅವಧಿ 3 ಗಂಟೆ 15 ನಿಮಿಷ, ಅದರಲ್ಲಿ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಉಳಿದ 180 ನಿಮಿಷಗಳಲ್ಲಿ ಕೊನೆಯ ಪರಿಶೀಲನೆಗೆ 15 ನಿಮಿಷ ತೆಗೆದಿಟ್ಟರೆ ಒಂದು ಅಂಕಕ್ಕೆ ಸುಮಾರು 2 ನಿಮಿಷ ಸಿಗುತ್ತದೆ. ಮೂರು ಅಂಕಗಳ ಲೆಕ್ಕದಲ್ಲಿ ಹತ್ತು ನಿಮಿಷ ಕಳೆದರೆ ನಾಲ್ಕು ನಿಮಿಷವನ್ನು ಬೇರೆ ಪ್ರಶ್ನೆಯಿಂದ ಸಾಲ ಪಡೆದಂತೆಯೇ. ಆದ್ದರಿಂದ ಪರೀಕ್ಷೆಗೆ ಮುನ್ನ ಕನಿಷ್ಠ ಮೂರು ನಾಲ್ಕು ಪೂರ್ಣ ಪತ್ರಿಕೆಗಳನ್ನು ಬೆಳಿಗ್ಗೆಯ ಹೊತ್ತಿನಲ್ಲಿ, ಪುಸ್ತಕ ಮತ್ತು ಮೊಬೈಲ್ ಇಲ್ಲದೆ, ಒಂದೇ ಕೂರಿಕೆಯಲ್ಲಿ ಬರೆಯಬೇಕು.

ಮಾಧ್ಯಮ ಬದಲಾದಾಗ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವವರು ಮೊದಲ ಮೂರು ತಿಂಗಳಲ್ಲಿ ಎದುರಿಸುವ ಸಂಕಟ ಬೇರೆಯೇ ಬಗೆಯದು. ಜವ, ವೇಗ, ವೇಗೋತ್ಕರ್ಷ, ಸಂವೇಗಗಳನ್ನು ಚೆನ್ನಾಗಿಯೇ ತಿಳಿದಿರುವ ವಿದ್ಯಾರ್ಥಿಗೆ ಸ್ಪೀಡ್, ವೆಲಾಸಿಟಿ, ಆಕ್ಸಿಲರೇಷನ್, ಮೊಮೆಂಟಮ್ ಎಂದೊಡನೆ ಹೊಸ ವಿಷಯ ಆರಂಭವಾದಂತೆ ಭಾಸವಾಗುತ್ತದೆ, ಮತ್ತು ಭಯದಿಂದ ಅವನು ಇಂಗ್ಲಿಷ್ ವಾಕ್ಯಗಳನ್ನು ಅರ್ಥವಿಲ್ಲದೆ ಉರು ಹೊಡೆಯಲು ತೊಡಗುತ್ತಾನೆ. ಇಂಥವರು ಪ್ರತಿ ಅಧ್ಯಾಯಕ್ಕೂ ಮೊದಲು ಒಂಬತ್ತು ಮತ್ತು ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಅದೇ ವಿಷಯದ ಪಾಠವನ್ನು ಒಮ್ಮೆ ಓದಿ, ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆದುಕೊಳ್ಳಬೇಕು. ಕಲ್ಪನೆಯನ್ನು ಕನ್ನಡದಲ್ಲಿಯೇ ಯೋಚಿಸಿ, ಉತ್ತರವನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲು ಕಲಿಯಬೇಕು. ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಲು ನಾಚುವುದು ಈ ಹಂತದ ಅತಿ ದುಬಾರಿ ತಪ್ಪು.

ಪಿಯುಸಿ ಜೊತೆಗೆ ಸಿಇಟಿ, ನೀಟ್

ಕೋಚಿಂಗ್ ಆರಂಭವಾದ ಮೇಲೆ ಪಿಯುಸಿ ಪಾಠಗಳನ್ನು ಕಡೆಗಣಿಸುವವರು ಒಂದು ವಿಷಯವನ್ನು ಗಮನಿಸಬೇಕು: ಎಂಜಿನಿಯರಿಂಗ್‌ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಡುವ ರ‍್ಯಾಂಕಿನಲ್ಲಿ ಸಿಇಟಿ ಅಂಕಗಳಿಗೆ ಅರ್ಧ ಪಾಲು, ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಗೆ ಇನ್ನರ್ಧ ಪಾಲು. ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆಗಳಿಗೆ 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ ಸಿಕ್ಕಿ ತಪ್ಪಿಗೆ 1 ಅಂಕ ಹೋಗುವುದರಿಂದ ಕಣ್ಣುಮುಚ್ಚಿ ಗುರುತು ಹಾಕುವುದು ಅಲ್ಲಿ ಸಲ್ಲದು. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗದಿರಲು ಎರಡಕ್ಕೂ ಬೇರೆ ಬೇರೆ ಅಣಕು ಪರೀಕ್ಷೆಗಳನ್ನು ಬರೆಯಬೇಕು.

ಕೊನೆಯ ರಾತ್ರಿ ಮತ್ತು ಆನಂತರ

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು, ಮತ್ತು ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದರಲ್ಲಿ ನಿದ್ರೆಯ ಪಾತ್ರವಿದೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಹೊಸ ಪಾಠ ಹಿಡಿದು ಕುಳಿತವನು ಆ ಪಾಠದಿಂದ ಗಳಿಸುವುದಕ್ಕಿಂತ ಹೆಚ್ಚನ್ನು ಮರುದಿನದ ಮಂಕುತನದಿಂದ ಕಳೆದುಕೊಳ್ಳಬಹುದು. ಆ ಸಂಜೆ ತಪ್ಪುಗಳ ಪುಸ್ತಕವನ್ನೂ ಸೂತ್ರಗಳ ಹಾಳೆಯನ್ನೂ ಒಮ್ಮೆ ನೋಡಿ, ಪ್ರವೇಶ ಪತ್ರ, ಎರಡು ಪೆನ್ನು, ಜ್ಯಾಮಿತಿ ಪೆಟ್ಟಿಗೆಗಳನ್ನು ತೆಗೆದಿಟ್ಟು ಮಲಗಬೇಕು. ಪರೀಕ್ಷೆ ಮುಗಿದ ಮೇಲೆ ಗೇಟಿನ ಬಳಿ ನಿಂತು ಉತ್ತರಗಳನ್ನು ತಾಳೆ ನೋಡುವುದರಿಂದ ಹೋದ ಅಂಕ ಬರುವುದಿಲ್ಲ, ಮುಂದಿನ ವಿಷಯದ ಓದು ಮಾತ್ರ ಕೆಡುತ್ತದೆ.

ನಿರೀಕ್ಷೆಗಿಂತ ಕಡಿಮೆ ಅಂಕ ಬಂದವರಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ವ್ಯವಸ್ಥೆ ಇದ್ದು, ಬರೆದ ಪರೀಕ್ಷೆಗಳಲ್ಲಿ ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಎರಡನೆಯ ಪರೀಕ್ಷೆಗೆ ಹಾಗೆಯೇ ಮೊದಲ ಪುಟದಿಂದ ಮತ್ತೆ ಓದಲು ಆರಂಭಿಸುವ ಬದಲು, ಮಂಡಳಿಗೆ ಅರ್ಜಿ ಸಲ್ಲಿಸಿ ಉತ್ತರ ಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳಬೇಕು. ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ಅಂಕ ಹೋದ ಜಾಗಗಳನ್ನು ಗುರುತಿಸಿ, ಮೌಲ್ಯಮಾಪನದಲ್ಲಿಯೇ ತಪ್ಪಾಗಿದ್ದರೆ ನಿಗದಿತ ದಿನಾಂಕದೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಉಳಿದ ತಪ್ಪುಗಳನ್ನು ಅಧ್ಯಾಯವಾರು ಬರೆದುಕೊಂಡು, ಹೆಚ್ಚು ಅಂಕ ಹೋದ ಅಧ್ಯಾಯದಿಂದಲೇ ಓದನ್ನು ಆರಂಭಿಸಬೇಕು.